ನೂರಕ್ಕೆ ಐದು ಕೆ.ಜಿ.

ಕೈಗಡಿಯಾರವನ್ನು ತಲೆಕೆಳಗಾಗಿ ಹಿಡಿದರೆ ಲಂಡನ್ನಿನ ಸಮಯ ಕಾಣುತ್ತದೆ. ನನಗೆ ಬರುವ ಇಂದ್ರಜಾಲ ಇದೊಂದೇ ಆದ್ದರಿಂದ ಮದುವೆ, ಮುಂಜಿ, ಗೃಹಪ್ರವೇಶ ಯಾವುದನ್ನೂ ಬಿಡದೆ ಪ್ರದರ್ಶಿಸುತ್ತೇನೆ. ನಮ್ಮ ಮಧ್ಯಾಹ್ನ ಎರಡೂವರೆಯನ್ನು ಬುಡಮೇಲು ಮಾಡಿದರೆ ಅಲ್ಲಿನ ಬೆಳಗ್ಗೆ ಒಂಬತ್ತು. ಗಂಟೆಯ ಮುಳ್ಳು ಎಂಟಕ್ಕೂ ಒಂಬತ್ತಕ್ಕೂ ನಡುವೆ ಅನುಮಾನಿಸುತ್ತ ನಿಂತಿರುತ್ತದೆ. ಅದನ್ನು ಹೆಬ್ಬೆರಳಿನಿಂದ ಅರ್ಧ ಮರೆಮಾಡಿ ತೋರಿಸಬೇಕು, ಅಷ್ಟೇ. ತೊಂದರೆಯೆಂದರೆ ಈ ಆಟ ಚಳಿಗಾಲದಲ್ಲಿ ಮಾತ್ರ ನಡೆಯುತ್ತದೆ. ಮಾರ್ಚ್ ತಿಂಗಳ ಕೊನೆಯ ಭಾನುವಾರ ಇಂಗ್ಲೆಂಡಿನವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಬಿಡುತ್ತಾರೆ. ಅಕ್ಟೋಬರ್ ಕೊನೆಯ ತನಕ ನನ್ನ ವಿದ್ಯೆ ಕೈಕೊಡುತ್ತದೆ. ನಮ್ಮ ಕಡೆ ಮದುವೆಗಳೋ, ಏಪ್ರಿಲ್-ಮೇನಲ್ಲೇ ಜಾಸ್ತಿ.

ಅದಕ್ಕಿಂತ ದೊಡ್ಡ ತೊಂದರೆಯೆಂದರೆ ನನ್ನ ತಂಡದಲ್ಲಿ ಲಂಡನ್ನಿನವರು ಒಬ್ಬರೂ ಇಲ್ಲ. ಗೋದಾಮಿನ ಸರಕಿನ ಲೆಕ್ಕವಿಡುವ ಸಾಫ್ಟ್‌ವೇರ್ ನಮ್ಮದು. ಕೊಳ್ಳುವವರು ಒಸಾಕಾದವರು. ಪರದೆಯ ಮೇಲೆ ಯಾವ ಗುಂಡಿ ಎಲ್ಲಿರಬೇಕೆಂದು ಬಿಡಿಸಿಕೊಡುವವರು ಫಿನ್ಲೆಂಡಿನ ತಾಂಪೆರೆಯವರು. ಕೋಡ್ ಬರೆಯುವವರೂ ಬೈಸಿಕೊಳ್ಳುವವರೂ ಬೆಂಗಳೂರಿನವರು. ದುಡ್ಡಿನ ಚೀಲದ ಬಾಯಿ ಹಿಡಿದು ಕೂತವರು ಶಿಕಾಗೋದವರು. ಇಷ್ಟೂ ಜನರ ನಡುವೆ ನಾನು ಪ್ರಾಜೆಕ್ಟ್ ಮ್ಯಾನೇಜರ್. "ನಿಮ್ಮ ಮಗನಿಗೆ ಏನು ಕೆಲಸ?" ಎಂದು ಕೇಳಿದವರಿಗೆ ಅಮ್ಮ, "ಕಂಪ್ಯೂಟರ್ ಮುಂದೆ ಕೂತು ಯಾವ ಹೊತ್ತಲ್ಲಾದರೂ ಗುಡ್ ಮಾರ್ನಿಂಗ್ ಹೇಳೋದು" ಅನ್ನುತ್ತಾಳೆ. ನನ್ನ ಹುದ್ದೆಯ ಬಗ್ಗೆ ಕಂಪನಿಯವರು ಬರೆದುಕೊಟ್ಟ ಒಂದೂವರೆ ಪುಟದಲ್ಲಿ ಇಷ್ಟು ಸ್ಪಷ್ಟತೆ ಇಲ್ಲ.

ಶಿಕಾಗೋದವರಿಗೆ ನಮ್ಮ ಅರ್ಧ ಗಂಟೆಯ ಮೇಲೆ ಸಿಟ್ಟು. ಲಂಡನ್ನಿನ ಚಳಿಗಾಲದ ವೇಳೆಗಿಂತ ಐದೂವರೆ ಗಂಟೆ ಮುಂದೆ ಅಂದರೇನು, ಐದಾಗಿರಲಿ ಇಲ್ಲವೇ ಆರಾಗಿರಲಿ ಎಂಬುದು ಅವರ ವಾದ. 1906ರಲ್ಲಿ ಬ್ರಿಟಿಷರು 82.5 ಡಿಗ್ರಿ ರೇಖಾಂಶವನ್ನು ಹಿಡಿದು, ಡಿಗ್ರಿಗೆ ನಾಲ್ಕು ನಿಮಿಷದಂತೆ ಗುಣಿಸಿ, ನಮಗೆ ಇದನ್ನು ಗಂಟುಹಾಕಿ ಹೋದರು ಎಂದು ವಿವರಿಸಿದ್ದೇನೆ. ನೇಪಾಳದವರದು ಐದೂ ಮುಕ್ಕಾಲು ಎಂದು ಹೇಳಿ ಹೆದರಿಸಿಯೂ ಇದ್ದೇನೆ. ಪ್ರಯೋಜನವಾಗಿಲ್ಲ.

ನಾಲ್ಕು ಊರಿನವರು ಒಬ್ಬರಿಗೊಬ್ಬರು ಅರ್ಥವಾಗುತ್ತಿಲ್ಲ ಎಂದು ಮೇಲಿನವರಿಗೆ ಅನ್ನಿಸಿದ್ದೇ ತಡ, ತರಬೇತಿ ಬಂತು. ತರಬೇತಿದಾರರು ಒಂದು ಕೋಷ್ಟಕ ತೋರಿಸಿದರು. ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೆಡ್ ಅವರದು. ದೊಡ್ಡವರಿಗೂ ಚಿಕ್ಕವರಿಗೂ ನಡುವೆ ಎಷ್ಟು ಅಂತರವನ್ನು ಜನ ಸಹಜವೆಂದು ಒಪ್ಪುತ್ತಾರೆ ಎಂಬುದಕ್ಕೆ ಅದರಲ್ಲಿ ಅಂಕಗಳಿವೆ: ಭಾರತಕ್ಕೆ 77, ಜಪಾನಿಗೆ 54, ಫಿನ್ಲೆಂಡಿಗೆ 33. ಪರೀಕ್ಷೆ ಬರೆಯದೆಯೇ ಡಿಸ್ಟಿಂಕ್ಷನ್ ಬಂದ ಖುಷಿಯಲ್ಲಿ ನಾನು ತಲೆದೂಗಿದೆ. ಮನೆಗೆ ಬಂದು ನೋಡಿದರೆ, ಈ ಲೆಕ್ಕಕ್ಕೆ ಮೂಲ 1960ರ ದಶಕದ ಕೊನೆಗೂ ಎಪ್ಪತ್ತರ ಮೊದಲಿಗೂ ಐಬಿಎಂ ನೌಕರರು ತುಂಬಿಕೊಟ್ಟ ಪ್ರಶ್ನಾವಳಿ. ಪುಸ್ತಕ ಬಂದದ್ದು 1980ರಲ್ಲಿ. ಆ ಹೊತ್ತಿಗೆ ಐಬಿಎಂ ಭಾರತದಿಂದಲೇ ಎದ್ದುಹೋಗಿತ್ತು. ಆಗಿನ ಕಾಲದ ಯಾರೋ ಸೂಟುಬೂಟಿನವರು ಹಾಕಿದ ಗುರುತಿನ ಪ್ರಕಾರ ಇವತ್ತು ನನ್ನ ತಂಡದ ಧಾರವಾಡದ ಹುಡುಗ ನನ್ನ ಮುಂದೆ ಬಾಯಿ ಬಿಡಬಾರದು. ಅವನು ಸೇರಿದ ಮೊದಲ ವಾರವೇ ಹತ್ತು ಜನರ ಎದುರಿಗೆ, "ಸರ, ನಿಮ್ಮ ಲೆಕ್ಕಾನ ತಪ್ಪೈತ್ರಿ" ಅಂದಿದ್ದ. ಲೆಕ್ಕ ತಪ್ಪಿಯೂ ಇತ್ತು. ಆದರೂ ನಾನು ಕೋಷ್ಟಕವನ್ನೇ ನಂಬಿದೆ. ಕಣ್ಣೆದುರಿನ ಮನುಷ್ಯನಿಗಿಂತ ಸ್ಲೈಡು ಅಚ್ಚುಕಟ್ಟಾಗಿತ್ತು.

ಅದೇ ತರಬೇತಿದಾರರು ಇನ್ನೊಂದು ಮಾತು ಹೇಳಿದರು: ಹೊಂದಿಕೊಳ್ಳುವ ಗುಣ ಭಾರತೀಯರ ರಕ್ತದಲ್ಲೇ ಇದೆಯಂತೆ. ಈ ಮಾತಿಗೆ ನಾನು ಇವತ್ತಿಗೂ ನಗಲಾರೆ. ನವೆಂಬರ್ ಮೊದಲ ಭಾನುವಾರ ಅಮೆರಿಕದವರು ಗಡಿಯಾರವನ್ನು ಹಿಂದಕ್ಕೆ ತಿರುಗಿಸುತ್ತಾರೆ. ಅವರ ಬೆಳಗಿನ ಒಂಬತ್ತು ಒಂಬತ್ತಾಗಿಯೇ ಉಳಿಯುತ್ತದೆ. ನಮ್ಮ ರಾತ್ರಿ ಏಳೂವರೆಯ ಮೀಟಿಂಗು ಎಂಟೂವರೆಗೆ ಜಾರುತ್ತದೆ. ಗಡಿಯಾರ ಮುಟ್ಟದವರು ನಾವು, ಊಟದ ಹೊತ್ತು ಬದಲಾಯಿಸಿಕೊಳ್ಳುವವರೂ ನಾವೇ. ಯುರೋಪಿನವರು ಅದಕ್ಕೆ ಒಂದು ವಾರ ಮೊದಲೇ ತಿರುಗಿಸಿರುತ್ತಾರೆ, ಜಪಾನಿನವರು ತಿರುಗಿಸುವುದೇ ಇಲ್ಲ. ಹೊಸ ವೇಳೆಗೆ ಒಪ್ಪಿಗೆಯೇ ಎಂದು ನಾನೊಂದು ಪಟ್ಟಿ ಕಳಿಸುತ್ತೇನೆ. ನಮ್ಮ ಟೆಸ್ಟಿಂಗ್ ನೋಡಿಕೊಳ್ಳುವ ಹೆಣ್ಣುಮಗಳು ಯಾವಾಗಲೂ ಎಲ್ಲರಿಗಿಂತ ಮೊದಲು ಟಿಕ್ ಹಾಕುತ್ತಾಳೆ. ಎಂಟೂವರೆ ಅಂದರೆ ಅವಳ ಮಗು ಕಥೆ ಕೇಳಿ ಮಲಗುವ ಹೊತ್ತು ಎಂದು ನನಗೆ ತಿಳಿದದ್ದು ಒಮ್ಮೆ ಆ ಮಗುವೇ ಕ್ಯಾಮೆರಾದೊಳಗೆ ಮುಖ ತೂರಿಸಿ, "ಅಂಕಲ್, ನೀವು ಯಾವಾಗ ಮುಗಿಸ್ತೀರಾ?" ಎಂದು ಕೇಳಿದಾಗ. ಇದು ರಕ್ತದಲ್ಲಿ ಇರುವುದಲ್ಲ ಸ್ವಾಮಿ, ಕಾಂಟ್ರಾಕ್ಟಿನಲ್ಲಿ ಇರುವುದು.

ಇರಲಿ. ತರಬೇತಿಯ ಬಹುಮುಖ್ಯ ಪಾಠ ಮೌನದ್ದು. ಜಪಾನಿನವರ ಪ್ರಶ್ನೆಗೆ ತಟ್ಟನೆ ಉತ್ತರ ಕೊಟ್ಟರೆ ಯೋಚಿಸದೆ ಹೇಳಿದ ಹಾಗಾಗುತ್ತದೆ. ಸುಮ್ಮನಿರಿ. ಮನಸ್ಸಿನಲ್ಲೇ ಹತ್ತರ ತನಕ ಎಣಿಸಿ. ಮೈಕು ಆರಿಸಬೇಡಿ, ಅದು ಮೌನವಲ್ಲ, ಬಾಗಿಲು ಹಾಕಿಕೊಂಡಂತೆ. ಇದನ್ನೆಲ್ಲ ಬರೆದುಕೊಂಡೆ. ಹುಟ್ಟಿದಾಗಿನಿಂದ ಒಂದು ನಿಮಿಷ ಸುಮ್ಮನಿರದವನಿಗೆ ಸುಮ್ಮನಿರುವುದೂ ಒಂದು ಕೌಶಲ, ಅದಕ್ಕೊಂದು ಪ್ರಮಾಣಪತ್ರವೂ ಸಿಗುತ್ತದೆ ಅಂದರೆ ರೋಮಾಂಚನವಾಗದೆ ಇರುತ್ತದೆಯೇ?

ಜೂನ್ ತಿಂಗಳ ಒಂದು ಬೆಳಗ್ಗೆ ಹನ್ನೊಂದೂವರೆ. ಒಸಾಕಾದಲ್ಲಿ ಮಧ್ಯಾಹ್ನ ಮೂರು, ತಾಂಪೆರೆಯಲ್ಲಿ ಬೆಳಗ್ಗೆ ಒಂಬತ್ತು, ಶಿಕಾಗೋ ಮಲಗಿತ್ತು. ನಾನು ಮನೆಯಿಂದಲೇ ಕೆಲಸ. ಒಸಾಕಾದ ಹಿರಿಯರು ಬಹಳ ವಿನಯದಿಂದ ಕೇಳಿದರು: ಸೆಪ್ಟೆಂಬರ್ ಕೊನೆಯೊಳಗೆ ಇದು ನಮ್ಮ ಕೈಸೇರುವ ಬಗ್ಗೆ ತಮ್ಮೆಲ್ಲರ ಅಭಿಪ್ರಾಯವೇನು? ಅವರ ಲೆಕ್ಕದ ವರ್ಷವೂ ನಮ್ಮಂತೆಯೇ ಏಪ್ರಿಲ್‌ನಿಂದ ಶುರು; ಸೆಪ್ಟೆಂಬರ್ ಅಂದರೆ ಅರ್ಧವಾರ್ಷಿಕ. ಆಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಜುಲೈ ಬಂತೆಂದರೆ ಫಿನ್ಲೆಂಡಿಗೆ ಫಿನ್ಲೆಂಡೇ ಸರೋವರದ ದಡದ ಮನೆಗಳಿಗೆ ಹೊರಟುಹೋಗುತ್ತದೆ. ಬೇರೆ ದಿನವಾಗಿದ್ದರೆ "ಖಂಡಿತ" ಅಂದು, ಆಮೇಲೆ ದೇವರಿದ್ದಾನೆ ಎಂದುಕೊಳ್ಳುತ್ತಿದ್ದೆ. ಅಂದು ತರಬೇತಾದವನು. ಗಲ್ಲಕ್ಕೆ ಕೈ ಕೊಟ್ಟು, ಹುಬ್ಬನ್ನು ಹದವಾಗಿ ಗಂಟಿಕ್ಕಿ, ಸುಮ್ಮನಾದೆ.

ಹತ್ತರ ತನಕ ಎಣಿಸಿದೆ. ಯಾರೂ ಮಾತಾಡಲಿಲ್ಲ. ಇಪ್ಪತ್ತು. ತಾಂಪೆರೆಯ ಗಡ್ಡದ ಮಹಾಶಯ ಬರೀ ಗಡ್ಡವಾಗಿ ಕೂತಿದ್ದ. ಅವನು ಮಾಮೂಲಿ ದಿನವೂ ಹಾಗೆಯೇ, ಹಾಗಾಗಿ ಅವನಿಂದ ಏನೂ ತಿಳಿಯುವಂತಿರಲಿಲ್ಲ. ಒಸಾಕಾದ ಹಿರಿಯರು ಕಣ್ಣು ಅರೆಮುಚ್ಚಿದ್ದರು. ಅವರ ಪಕ್ಕದ ಇಬ್ಬರು ಕಿರಿಯರು ತಮ್ಮ ಪೆನ್ನುಗಳನ್ನು ನೋಡುತ್ತಿದ್ದರು. ಎಣಿಸುವುದು ಬೇಸರವಾಗಿ ಮಗ್ಗಿ ಹಿಡಿದೆ. ಹದಿಮೂರು ಸಲೀಸಾಗಿ ಮುಗಿಯಿತು. ಹದಿನಾಲ್ಕು, ಹದಿನೈದು. ಮದುವೆಮನೆಯಲ್ಲಿ ಮೊದಲ ಪಂಕ್ತಿಗೆ "ನೀವು ಕೂತ್ಕೊಳ್ಳಿ", "ಅಯ್ಯೋ, ನೀವು ಮೊದಲು ಕೂತ್ಕೊಳ್ಳಿ" ಎಂದು ಎಲೆಯ ಮುಂದೆ ಎಲ್ಲರೂ ನಿಂತೇ ಇರುತ್ತಾರಲ್ಲ, ಹಾಗೆ ಮೂರು ದೇಶಗಳು ಮಾತಿನ ಮುಂದೆ ನಿಂತಿದ್ದವು. ನನ್ನ ಹುಬ್ಬು ನೋಯತೊಡಗಿತು. ಗಂಟು ಬಿಚ್ಚಿದರೆ ಯೋಚನೆ ಮುಗಿಯಿತು ಅಂದುಕೊಂಡಾರು ಎಂದು ಹಾಗೇ ಹಿಡಿದಿದ್ದೆ. ಪರದೆಯ ಮೂಲೆಯಲ್ಲಿ ಧಾರವಾಡದ ಹುಡುಗನ ಖಾಸಗಿ ಸಂದೇಶ ಮೂಡಿತು: "ಸರ, ನೆಟ್ ಹೋತೇನ್ರಿ?" ಉತ್ತರಿಸಲಿಲ್ಲ. "ಸರ, ಮುಖಾ ಯಾಕ ಹಂಗ ಮಾಡೀರಿ? ಹೊಟ್ಟಿ ನೋವೇನ್ರಿ?" ಅದಕ್ಕೂ ಉತ್ತರಿಸಲಿಲ್ಲ. ಹದಿನೇಳರ ಮಗ್ಗಿಯಲ್ಲಿ ಹದಿನೇಳೇಳ್ಲ ನೂರಾ ಹತ್ತೊಂಬತ್ತಕ್ಕೆ ಬಂದು ಎಡವಿ, ಮತ್ತೆ ಮೊದಲಿನಿಂದ ಶುರುಮಾಡಿದೆ. ಗೆಲ್ಲುತ್ತಿದ್ದೇನೆ ಎಂಬ ಭಾವನೆ ಬರತೊಡಗಿತು. ಯಾರ ವಿರುದ್ಧ, ಯಾವ ಆಟ ಎಂಬುದು ಗೊತ್ತಿರದಿದ್ದರೂ ಜಪಾನ್ ಮತ್ತು ಫಿನ್ಲೆಂಡ್ ಎರಡನ್ನೂ ಒಂದೇ ಏಟಿಗೆ ಮೌನದಲ್ಲಿ ಸೋಲಿಸುವ ಮೊದಲ ಕನ್ನಡಿಗ ನಾನೇ ಎಂಬುದು ಖಾತ್ರಿಯಾಗಿತ್ತು.

ಆಗ ನಮ್ಮ ಬೀದಿಯ ತಿರುವಿನಲ್ಲಿ ಆಟೋ ಬಂತು. ತಲೆಯ ಮೇಲೆ ಸ್ಪೀಕರು. "ಈರುಳ್ಳಿ ಈರುಳ್ಳಿ ಈರುಳ್ಳಿ! ನೂರು ರೂಪಾಯಿಗೆ ಐದು ಕೆ.ಜಿ.! ಐದು ಕೆ.ಜಿ. ನೂರು ರೂಪಾಯಿ! ಬನ್ನಿ ಅಕ್ಕಾ, ಬನ್ನಿ ಅಣ್ಣಾ!" ಮೂರು ದೇಶಗಳ ಮೌನದೊಳಕ್ಕೆ ಆ ದನಿ ಇಳಿದ ಪರಿಯನ್ನು ನಾನು ವರ್ಣಿಸಲಾರೆ. ಮೈಕು ಆರಿಸುವಂತಿಲ್ಲ, ಬಾಗಿಲು ಹಾಕಿಕೊಂಡಂತಾಗುತ್ತದೆ. ಹುಬ್ಬು ಸಡಿಲಿಸದೆ ಕೂತೆ. ಆಟೋ ನಮ್ಮ ಗೇಟಿನ ಮುಂದೆಯೇ ನಿಂತಿತು. ಅಡುಗೆಮನೆಯಿಂದ ಅಮ್ಮ ಕೂಗಿದಳು: "ಲೋ, ಅವನನ್ನ ನಿಲ್ಸೋ! ಹೋಗ್ಬಿಡ್ತಾನೆ! ಏನ್ ಗರ ಬಡಿದವನ ಹಾಗೆ ಕೂತಿದೀಯ?"

ಒಸಾಕಾದ ಹಿರಿಯರು ಕಣ್ಣು ತೆರೆದರು. ಆ ಮುಖದಲ್ಲಿ ಅದುವರೆಗೆ ನಾನು ಕಂಡಿರದ ನಗು. ಅದು ಏನು ಮಾರುವ ಗಾಡಿ ಎಂದು ಕೇಳಿದರು. ಹೇಳಿದೆ. ತಮ್ಮಲ್ಲಿ ಚಳಿಗಾಲದ ಸಂಜೆ ಸುಟ್ಟ ಗೆಣಸಿನ ಗಾಡಿ ಹೀಗೆಯೇ ರಾಗವಾಗಿ "ಯಾಕಿ-ಇಮೋ" ಎಂದು ಕೂಗಿಕೊಂಡು ಬರುತ್ತದೆ ಎಂದರು. ಕೂಗಿಯೂ ತೋರಿಸಿದರು! ಪಕ್ಕದ ಕಿರಿಯರು ಪೆನ್ನು ಕೆಳಗಿಟ್ಟು, ಬಟ್ಟೆ ಒಣಹಾಕುವ ಗಳು ಮಾರುವ ಗಾಡಿಯದೂ ಇದೆ ಎಂದು ಅದರ ಧಾಟಿ ಹಿಡಿದರು. ಗಡ್ಡದೊಳಗಿನಿಂದ ಮಾತು ಬಂತು: ಫಿನ್ಲೆಂಡಿನ ಬೀದಿಗಳಿಗೆ ಐಸ್‌ಕ್ರೀಮ್ ವ್ಯಾನು ಬರುತ್ತದೆ, ಅದಕ್ಕೂ ಒಂದು ರಾಗವಿದೆ. ಆ ಮಹಾಶಯ ಅದನ್ನು ಪೂರ್ತಿಯಾಗಿ ಸಿಳ್ಳೆ ಹೊಡೆದ. ಅದುವರೆಗಿನ ಎಲ್ಲ ಮೀಟಿಂಗುಗಳಲ್ಲಿ ಅವನು ಆಡಿದ್ದ ಮಾತು ಒಟ್ಟು ಸೇರಿಸಿದರೂ ಆ ಸಿಳ್ಳೆಯಷ್ಟು ಉದ್ದವಿರಲಿಲ್ಲ.

ಈ ಗದ್ದಲದ ನಡುವೆ ಧಾರವಾಡದ ಹುಡುಗ ಇಂಗ್ಲಿಷಿನಲ್ಲಿ, ಆದರೆ ಶುದ್ಧ ಧಾರವಾಡದ ದನಿಯಲ್ಲಿ, ಸೆಪ್ಟೆಂಬರಿಗೆ ಆಗುವುದಿಲ್ಲ, ನವೆಂಬರ್ ಮಧ್ಯಕ್ಕೆ ಆಗುತ್ತದೆ ಎಂದು ಹೇಳಿಬಿಟ್ಟ. ಎಪ್ಪತ್ತೇಳೂ ಅಂಕ ಮಣ್ಣುಪಾಲು. ಒಸಾಕಾದ ಹಿರಿಯರು ನಿರಾಳವಾಗಿ ಉಸಿರು ಬಿಟ್ಟು, ತಾವೂ ತಮ್ಮವರಿಗೆ ಡಿಸೆಂಬರ್ ಎಂದೇ ಹೇಳಿಟ್ಟಿರುವುದಾಗಿ ತಿಳಿಸಿದರು. ಆಮೇಲೆ ಗೊತ್ತಾಯಿತು, ಅವರಿಗೂ ತರಬೇತಿ ಆಗಿತ್ತು: ಭಾರತೀಯರು ಮಾತುಗಾರರು, ನಡುವೆ ಬಾಯಿ ಹಾಕದೆ ಜಾಗ ಬಿಡಿ. ತಾಂಪೆರೆಯವರಿಗೂ ಆಗಿತ್ತು: ಏಷ್ಯಾದವರು ಹಿರಿತನ ನೋಡುತ್ತಾರೆ, ನೀವು ಮೊದಲು ಮಾತಾಡಬೇಡಿ. ಬಿಲ್ಲು ಮೂವರಿಗೂ ಬೇರೆ ಬೇರೆ ಬಂದಿತ್ತು.

ಮೀಟಿಂಗಿನ ಸಾರಾಂಶ ಬರೆಯಲು ನಮ್ಮಲ್ಲೊಂದು ಯಂತ್ರವಿದೆ. ಕನ್ನಡ ಬಾರದ ಅದು ಆಟೋದ ಸ್ಪೀಕರಿನಲ್ಲಿ ತನಗೆ ತಿಳಿದಷ್ಟನ್ನು ಹೆಕ್ಕಿ, "ಬೆಂಗಳೂರಿನ ಹೆಸರು ತಿಳಿಯದ ಸದಸ್ಯರೊಬ್ಬರು ಕೆ.ಜಿ. ಎಂಬ ವಿಷಯವನ್ನು ಪದೇ ಪದೇ ಒತ್ತಿ ಹೇಳಿದರು" ಎಂದು ದಾಖಲಿಸಿತು. ಬೆಳಗ್ಗೆ ಎದ್ದ ಶಿಕಾಗೋ ಇದನ್ನು ಓದಿ ಗಾಬರಿಯಾಯಿತು. 1999ರಲ್ಲಿ ನಾಸಾದವರು ಮಂಗಳಕ್ಕೆ ಕಳಿಸಿದ ನೌಕೆ ನಾಶವಾದದ್ದು, ಒಂದು ತಂಡ ಪೌಂಡಿನ ಲೆಕ್ಕ ಕೊಟ್ಟು ಇನ್ನೊಂದು ತಂಡ ಅದನ್ನು ಮೆಟ್ರಿಕ್ ಎಂದುಕೊಂಡದ್ದರಿಂದ ಎಂಬುದನ್ನು ನೆನಪಿಸುವ ಉದ್ದನೆಯ ಇಮೇಲ್ ಬಂತು. ಕೆ.ಜಿ. ಮತ್ತು ಪೌಂಡು ಎರಡರಲ್ಲೂ ತೂಕ ತೋರಿಸುವ ಗುಂಡಿಯೊಂದನ್ನು ಕೂಡಲೇ ಸೇರಿಸಬೇಕು. ಇದನ್ನು ಎತ್ತಿದ ಸದಸ್ಯರಿಗೆ ಅಭಿನಂದನೆ. ಸೇರಿಸಿದೆವು. ಅಭಿನಂದನೆಯನ್ನು ಮುಂದಿನ ವಾರ ಆಟೋದವನಿಗೆ ತಲುಪಿಸಿದೆ. ಅವನು "ಚೀಲ ತನ್ನಿ ಸಾರ್" ಅಂದ.

ಮೂರು ಊರಿನ ತಂಡಗಳು ಇಷ್ಟು ಹೊಂದಿಕೊಂಡದ್ದು ಹೇಗೆಂದು ಕಂಪನಿಗೆ ಕುತೂಹಲ. ಉಳಿದ ತಂಡಗಳಿಗೆಲ್ಲ ನಾನೇ ತರಬೇತಿ ಕೊಡಬೇಕಂತೆ, ಶಿಕಾಗೋದ ದೊಡ್ಡವರೂ ಕೂರುತ್ತಾರಂತೆ. ಕೂಡಲೇ ಒಪ್ಪಿಕೊಂಡೆ. ಕೋಷ್ಟಕ ತಯಾರಾಗಿದೆ, ಮೌನದ ಮೇಲೆ ಒಂದು ಸ್ಲೈಡು ಪ್ರತ್ಯೇಕವಾಗಿದೆ. ವೇಳೆಯನ್ನು ನಮ್ಮ ಬೆಳಗಿನ ಹನ್ನೊಂದೂವರೆಗೆ ಇಟ್ಟು ಪಟ್ಟಿ ಕಳಿಸಿದ್ದೇನೆ. ಶಿಕಾಗೋದಲ್ಲಿ ಆಗ ರಾತ್ರಿ ಒಂದು ಗಂಟೆ. ಟೆಸ್ಟಿಂಗಿನ ಹೆಣ್ಣುಮಗಳು ಎಂದಿನಂತೆ ಮೊದಲು ಟಿಕ್ ಹಾಕಿದಳು, ಈ ಸಲ ಪಕ್ಕದಲ್ಲಿ ಒಂದು ನಗುಮುಖವನ್ನೂ ಇಟ್ಟು. ಶಿಕಾಗೋದವರ ಟಿಕ್ ಇನ್ನೂ ಬಂದಿಲ್ಲ.