ಸುಣ್ಣ ಸಾಲದು

ನಮ್ಮ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರದ ಪ್ರಯೋಗಗಳೆಲ್ಲ ತಪ್ಪದೆ ಯಶಸ್ವಿಯಾಗುತ್ತಿದ್ದವು, ರೆಕಾರ್ಡ್ ಪುಸ್ತಕದಲ್ಲಿ. ಉದ್ದೇಶ, ಸಾಮಗ್ರಿ, ವಿಧಾನ, ವೀಕ್ಷಣೆ, ತೀರ್ಮಾನ ಎಲ್ಲವನ್ನೂ ಹಿಂದಿನ ವರ್ಷದವರ ಪುಸ್ತಕದಿಂದ ಇಳಿಸಿಕೊಂಡು, ತಲೆಬರಹಗಳ ಕೆಳಗೆ ಗೆರೆ ಎಳೆದಾದ ಮೇಲೆ ಪ್ರಯೋಗ ಶುರು. ಕಂಡದ್ದು ಬರೆದದ್ದಕ್ಕೆ ಹೊಂದದಿದ್ದರೆ ತಪ್ಪು ಕಣ್ಣಿನದು. ಆದರೆ ಪಾಪ, ರಾಸಾಯನಿಕಗಳು ನಮ್ಮ ರೆಕಾರ್ಡ್ ಓದಿರಲಿಲ್ಲ.

ಸಂಯೋಗ ಕ್ರಿಯೆಗೆ ಮೆಗ್ನೀಷಿಯಂ ಪಟ್ಟಿ. ಹೊತ್ತಿಸಿದರೆ ಕಣ್ಣು ಕೋರೈಸುವ ಬಿಳಿ ಜ್ವಾಲೆ ಎದ್ದು, ಮೆಗ್ನೀಷಿಯಂ ಆಕ್ಸೈಡಿನ ಬಿಳಿ ಬೂದಿ ಉಳಿಯಬೇಕು. ನಮ್ಮ ಪಟ್ಟಿ ಕಪಾಟಿನಲ್ಲೇ ಹಲವು ಮಳೆಗಾಲ ಕಂಡು, ಗಾಳಿಯೊಡನೆ ಆಗಬೇಕಾದ ಸಂಯೋಗವನ್ನು ಅರ್ಧ ಮುಗಿಸಿಕೊಂಡೇ ತರಗತಿಗೆ ಬರುತ್ತಿತ್ತು. ಮೇಷ್ಟ್ರು ಉಪ್ಪು ಕಾಗದದಿಂದ ತಿಕ್ಕಿ, ಇಕ್ಕಳದಲ್ಲಿ ಹಿಡಿದು, ಕಡ್ಡಿಯ ಮೇಲೆ ಕಡ್ಡಿ ಗೀರಿ, ಇನ್ನು ಇದು ಹೊತ್ತುವುದಿಲ್ಲ ಎಂದು ನಾವು ಆಕಳಿಸುವಷ್ಟರಲ್ಲಿ ಅದು ಭಗ್ ಎನ್ನುತ್ತಿತ್ತು. ಆಗ ಮೇಷ್ಟ್ರು, “ಯಾರೂ ನೇರ ನೋಡಬೇಡಿ!” ಎಂದು ಕೂಗುತ್ತಿದ್ದರು. ವೀಕ್ಷಣೆಯ ಅಂಕಣದಲ್ಲಿ ಮಾತ್ರ ಎಲ್ಲರೂ ನೋಡಿರುತ್ತಿದ್ದೆವು.

ವಿಭಜನೆ ಕ್ರಿಯೆಗೆ ಫೆರಸ್ ಸಲ್ಫೇಟಿನ ಹಸಿರು ಹರಳು. ಪ್ರನಾಳದಲ್ಲಿ ಕಾಯಿಸಿದಾಗ ಹಸಿರು ಹೋಗಿ, ಕಂದು ಬಣ್ಣ ಬಂದು, ಗಂಧಕ ಸುಟ್ಟ ವಾಸನೆ ಏಳುತ್ತದೆ. ಈ ಪ್ರಯೋಗ ಎಂದೂ ಕೈಕೊಟ್ಟಿಲ್ಲ. ಪಕ್ಕದ ಕೊಠಡಿಯಲ್ಲಿ ಸಂಧಿ ಬಿಡಿಸುತ್ತಿದ್ದ ಕನ್ನಡ ಪಂಡಿತರು ಕೆಮ್ಮುತ್ತ ಹೊರಗೆ ಬಂದು ಅದಕ್ಕೆ ಸಾಕ್ಷಿ ನುಡಿಯುತ್ತಿದ್ದರು.

ಸ್ಥಾನಪಲ್ಲಟಕ್ಕೆ ಬಂದರೆ, ಮೈಲುತುತ್ತದ ನೀಲಿ ದ್ರಾವಣದಲ್ಲಿ ಕಬ್ಬಿಣದ ಮೊಳೆಯನ್ನು ಸುಮಾರು 20 ನಿಮಿಷ ಇಳಿಬಿಡಬೇಕು. ಕಬ್ಬಿಣವು ತಾಮ್ರವನ್ನು ದ್ರಾವಣದಿಂದ ಹೊರದಬ್ಬುತ್ತದೆ. ನೀಲಿ ಮಾಸುತ್ತದೆ, ಮೊಳೆಗೆ ಕೆಂಗಂದು ಲೇಪ ಹತ್ತುತ್ತದೆ. ಶಾಲೆಯ ಮೊಳೆಗಳು ತುಕ್ಕು ಹಿಡಿದು ಮೊದಲೇ ಕೆಂಪಗಿದ್ದವು. ಹತ್ತಿದ್ದು ತಾಮ್ರವೋ ಇದ್ದದ್ದು ತುಕ್ಕೋ ಎಂಬ ವಾದ ಇತ್ಯರ್ಥವಾಗುವ ಮೊದಲೇ ಗಂಟೆ ಹೊಡೆಯುತ್ತಿತ್ತು.

ರಾಸಾಯನಿಕ ಬಂಧದ ಪಾಠ ಬಂದಾಗ ಮೇಷ್ಟ್ರಿಗೂ ಇಕ್ಕಟ್ಟು. ಎಲೆಕ್ಟ್ರಾನನ್ನು ತಂದು ತೋರಿಸುವಂತಿಲ್ಲ. ಸೀಮೆಎಣ್ಣೆಯಲ್ಲಿ ಮುಳುಗಿಸಿಡಬೇಕಾದ ಸೋಡಿಯಂ ತನ್ನ ಒಂದು ಎಲೆಕ್ಟ್ರಾನನ್ನು ವಿಷಾನಿಲವಾದ ಕ್ಲೋರಿನ್ನಿಗೆ ಬಿಟ್ಟುಕೊಟ್ಟರೆ ಊಟದ ಉಪ್ಪಾಗುತ್ತದೆ ಎಂದಾಗ, ಇಬ್ಬರು ಪುಂಡರು ಸೇರಿ ಸಭ್ಯರಾದರೆಂದು ನಮಗೆ ನಂಬಿಕೆ ಬರಲಿಲ್ಲ. ಪರಮಾಣುಗಳು ಎಲೆಕ್ಟ್ರಾನ್ ಜೋಡಿಯನ್ನು ಹಂಚಿಕೊಂಡೂ ಬೆಸೆಯಬಲ್ಲವು ಎಂದು ಅಮೆರಿಕದ ಗಿಲ್ಬರ್ಟ್ ಲೂಯಿಸ್ 1916ರಲ್ಲೇ ಹೇಳಿದ್ದ. ಆ ಸಹವೇಲೆನ್ಸೀಯ ಬಂಧವನ್ನು ಮೇಷ್ಟ್ರು ಹೀಗೆ ಬಿಡಿಸಿದರು: “ಅಣ್ಣತಮ್ಮಂದಿರು ತೋಟ ಹಿಸ್ಸೆ ಮಾಡಿಕೊಂಡ ಮೇಲೂ ಬಾವಿ ಒಂದೇ ಉಳಿಯೋದಿಲ್ವೇನೋ, ಹಾಗೆ. ಮಾತು ಬಿಟ್ಟರೂ ಬಾವಿ ಬಿಡೋ ಹಾಗಿಲ್ಲ.” ಊರಿನ ಅರ್ಧ ಮನೆಗಳಲ್ಲಿ ಇದೇ ಕಥೆಯಾದ್ದರಿಂದ ಆ ವರ್ಷ ಈ ಪ್ರಶ್ನೆಗೆ ಯಾರೂ ತಪ್ಪು ಉತ್ತರ ಬರೆಯಲಿಲ್ಲ.

ಇದಕ್ಕೂ ಪ್ರಯೋಗವಿತ್ತು. ಉಪ್ಪುನೀರಿನಲ್ಲಿ ಅಯಾನುಗಳು ಬಿಡಿಬಿಡಿಯಾಗಿ ಓಡಾಡುವುದರಿಂದ ವಿದ್ಯುತ್ ಹರಿದು ಬಲ್ಬು ಬೆಳಗಬೇಕು. ಸಕ್ಕರೆನೀರಿನಲ್ಲಿ ಬೆಳಗಬಾರದು. ಬೆಳಗಿತು ಎಂದರು ಮುಂದಿನ ಬೆಂಚಿನವರು. ಇಲ್ಲ ಎಂದರು ಹಿಂದಿನವರು. ಇನ್ನೊಮ್ಮೆ ತೋರಿಸೋಣವೆಂದರೆ ಉಪ್ಪು ಇದ್ದಷ್ಟೂ ಇತ್ತು, ಸಕ್ಕರೆ ಪೊಟ್ಟಣದಲ್ಲಿ ಇರಲಿಲ್ಲ. ಅಯಾನಿಕ ಮತ್ತು ಸಹವೇಲೆನ್ಸೀಯ ಸಂಯುಕ್ತಗಳ ನಡುವಿನ ಈ ವ್ಯತ್ಯಾಸ ಪಠ್ಯಪುಸ್ತಕದಲ್ಲಿಲ್ಲ.

ಇಷ್ಟೆಲ್ಲ ಕಲಿತು ಮನೆಗೆ ಬಂದರೆ, ಮುಂಗಾರಿನ ಹೊಸ್ತಿಲಲ್ಲಿ ದೊಡ್ಡಪ್ಪನ ಅಂಗಳದಲ್ಲಿ ಕೊಳೆ ಔಷಧಿಯ ತಯಾರಿ. ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ 1880ರ ದಶಕದಲ್ಲಿ ಬಳಕೆಗೆ ಬಂದ ಬೋರ್ಡೋ ದ್ರಾವಣ ಅದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಕಳೆದ ಶತಮಾನದ ಮೊದಲ ದಶಕಗಳಲ್ಲಿ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಈ ದ್ರಾವಣವನ್ನು ಮಲೆನಾಡಿನ ತೋಟಗಳಿಗೆ ಹತ್ತಿಸಿದರು. ಲೆಕ್ಕ ಸರಳ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು.

ನಮ್ಮ ಪಠ್ಯದ ನಾಲ್ಕೂ ಕ್ರಿಯೆಗಳು ಆ ಅಂಗಳದಲ್ಲಿ ಸಾಲಾಗಿ ನಡೆಯುತ್ತಿದ್ದವು. ಚಿಪ್ಪು ಭಟ್ಟಿಯಲ್ಲಿ ಬೆಂದು ಸುಟ್ಟ ಸುಣ್ಣವಾಗಿ ಬಂದದ್ದು ವಿಭಜನೆ. ಅದಕ್ಕೆ ನೀರು ಬಿದ್ದೊಡನೆ ಬುಸ್ಸೆಂದು ಹಬೆಯಾಡಿ ಅರಳುವುದು ಸಂಯೋಗ. ತಿಳಿಸುಣ್ಣಕ್ಕೆ ಮೈಲುತುತ್ತದ ನೀರು ಸುರಿದಾಗ ತಾಮ್ರ, ಕ್ಯಾಲ್ಸಿಯಂಗಳು ಜೋಡಿ ಬದಲಿಸಿಕೊಂಡು ಆಕಾಶನೀಲಿ ಒತ್ತರವಾಗುವುದು ದ್ವಿಸ್ಥಾನಪಲ್ಲಟ. ಕೊನೆಗೆ ದೊಡ್ಡಪ್ಪ ಸೊಂಟದ ಕತ್ತಿ ತೆಗೆದು, ಅಲಗನ್ನು ಡ್ರಮ್ಮಿನಲ್ಲಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಮೇಲೆತ್ತುತ್ತಿದ್ದರು. ಅಲಗು ಕೆಂಪಾಗಿದ್ದರೆ ಬಿಡಿ ತಾಮ್ರ ಇನ್ನೂ ಉಳಿದಿದೆ ಎಂದರ್ಥ. ಹಾಗೇ ಹೊಡೆದರೆ ಎಳೆಗಾಯಿ ಸುಡುತ್ತದೆ.

“ಅಪ್ಪಿ, ಸುಣ್ಣ ಸಾಲದು. ಇನ್ನೊಂದು ಚೊಂಬು ತಾ.”

ಅಲಗಿನ ಕೆಂಪು ನೋಡಿ ನನಗೆ ರೋಮಾಂಚನ. ಮೊಳೆ ಹುಟ್ಟಿಸಿದ ಸಂಶಯ ಕತ್ತಿಯಲ್ಲಿ ತೀರಿತ್ತು. “ದೊಡ್ಡಪ್ಪ, ಇದು ಸ್ಥಾನಪಲ್ಲಟ! ಶಾಲೇಲಿ ನಾವೂ ಮಾಡ್ತೀವಿ, ಮೊಳೇಲಿ,” ಎಂದೆ.

ದೊಡ್ಡಪ್ಪನಿಗೆ ಖುಷಿಯಾಯಿತು. “ಹೌದಾ? ಮೊಳೆ ಕೆಂಪಾದ್ರೆ ಎಷ್ಟು ಸುಣ್ಣ ಹಾಕ್ತ್ರಿ?”

“ಸುಣ್ಣ ಹಾಕೋದಿಲ್ಲ. ಕೆಂಪಾಯ್ತು ಅಂತ ಬರೀತೀವಿ.”

“ಕೆಂಪಾಗದಿದ್ರೆ?”

“ಆಗ್ಲೂ ಹಾಗೇ ಬರೀತೀವಿ.”

ದೊಡ್ಡಪ್ಪ ಕತ್ತಿ ಒರೆಸಿಕೊಂಡು ಕೊನೆಗಾರನತ್ತ ತಿರುಗಿ, “ನಾಳೆಯಿಂದ ಔಷಧಿ ಕದಡಿಸೋಕೆ ಶಾಲೆ ಮಕ್ಕಳನ್ನ ಕರೀಬೇಡ ಮಾರಾಯ,” ಎಂದರು.