ಡೀಲಕ್ಸಿಗಿಂತ ಕೆಳಗೆ ಯಾರೂ ಇಲ್ಲ

ದಸರಾ ರಜೆಗೆ ಕೊಡಗಿಗೋ ಚಿಕ್ಕಮಗಳೂರಿಗೋ ಕಬಿನಿಗೋ ಹೊರಟಿರುವ ಸಂಸಾರಸ್ಥರಿಗೆ ಒಂದು ಸಿಹಿಸುದ್ದಿ: ನಮ್ಮ ರೆಸಾರ್ಟುಗಳಲ್ಲಿ ಬಡತನ ಸಂಪೂರ್ಣ ನಿರ್ಮೂಲನೆಯಾಗಿದೆ. ಭೂತಗನ್ನಡಿ ಹಿಡಿದು ಹುಡುಕಿದರೂ ಒಂದು ಸಾಮಾನ್ಯ ರೂಮ್ ಸಿಗುವುದಿಲ್ಲ. ಪಟ್ಟಿಯ ತಳದಲ್ಲಿ ಇರುವುದೇ ಡೀಲಕ್ಸ್. ಅದರ ಮೇಲೆ ಸೂಪರ್ ಡೀಲಕ್ಸ್, ಆಮೇಲೆ ಪ್ರೀಮಿಯಂ, ಎಕ್ಸಿಕ್ಯುಟಿವ್, ಹೆರಿಟೇಜ್ ಕಾಟೇಜ್, ಫ್ಯಾಮಿಲಿ ಸೂಟ್, ಎಲ್ಲದರ ನೆತ್ತಿಯ ಮೇಲೆ ಪ್ರೈವೇಟ್ ಪೂಲ್ ವಿಲ್ಲಾ. ಹೆರಿಟೇಜ್ ಕಾಟೇಜಿನ ಗೃಹಪ್ರವೇಶ ಆದದ್ದು ಹೋದ ಯುಗಾದಿಗೆ ಎಂದು ಅಲ್ಲಿನ ಮಾಲಿ ಹೇಳಿದರೆ ನಂಬಬೇಡಿ, ಪರಂಪರೆಗೂ ಎಲ್ಲೋ ಒಂದು ಕಡೆ ಶುರುವಾಗಬೇಕಲ್ಲ.

ಹೋಟೆಲಿಗೆ ತಾರೆ ಹಚ್ಚಬೇಕಾದರೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸಮಿತಿ ಬಂದು ನೋಡಿ ಹೋಗಬೇಕು, ಅದೂ ಹೋಟೆಲಿನವರು ತಾವಾಗಿ ಅರ್ಜಿ ಹಾಕಿಕೊಂಡರೆ. ರೂಮಿನ ಬಾಗಿಲಿಗೆ ‘ಪ್ರೀಮಿಯಂ’ ಎಂದು ಬೋರ್ಡು ಹಾಕಲು ಒಂದು ಮೊಳೆ, ಒಂದು ಸುತ್ತಿಗೆ ಸಾಕು. ಡೀಲಕ್ಸಿಗೂ ಪ್ರೀಮಿಯಂಗೂ ಏನು ವ್ಯತ್ಯಾಸ ಎಂದು ಫೋನಿನಲ್ಲಿ ಕೇಳಿ ನೋಡಿ.

“ಸರ್, ಪ್ರೀಮಿಯಂನಲ್ಲಿ ಕೆಟಲ್ ಬರುತ್ತೆ ಸರ್.”

“ಡೀಲಕ್ಸಲ್ಲಿ ಕೆಟಲ್ ಇಲ್ವಾ?”

“ಇದೆ ಸರ್.”

“ಮತ್ತೆ?”

“ಪ್ರೀಮಿಯಂ ಸ್ವಲ್ಪ ಚೆನ್ನಾಗಿರುತ್ತೆ ಸರ್. ಫ್ಯಾಮಿಲಿ ಅಂದ್ರಲ್ಲ, ಎಲ್ಲ ಫ್ಯಾಮಿಲಿಯವರೂ ಅದನ್ನೇ ತಗೋತಾರೆ.”

ಇಡೀ ವ್ಯಾಪಾರದ ಗುಟ್ಟು ಈ ಕೊನೆಯ ಮಾತಿನಲ್ಲಿದೆ. ಡೀಲಕ್ಸ್ ರೂಮಿಗೆ ನಿಜವಾದ ಕೆಲಸ ಒಂದೇ: ಅದನ್ನು ಆರಿಸಿಕೊಂಡರೆ ಹೆಂಡತಿಯ ಮನೆಯವರು ಏನೆಂದುಕೊಂಡಾರು ಎಂಬ ದಿಗಿಲು ಹುಟ್ಟಿಸುವುದು. ವಿಲ್ಲಾದ ಕೆಲಸ ಅದಕ್ಕಿಂತ ಸುಲಭ. ಅದು ಖಾಲಿ ಬಿದ್ದಿದ್ದರೂ ತನ್ನ ರೇಟನ್ನು ತೋರಿಸಿಕೊಂಡು ಪ್ರೀಮಿಯಂ ಎಷ್ಟು ಅಗ್ಗ ನೋಡಿ ಎಂದು ನಿಮ್ಮ ಬೆನ್ನು ತಟ್ಟುತ್ತದೆ. ಕೆಳಗಿನದಕ್ಕೆ ನಾಚಿಕೊಂಡು, ಮೇಲಿನದಕ್ಕೆ ಬೆಚ್ಚಿಬಿದ್ದು, ನಡುವಿನದಕ್ಕೆ ಕಾರ್ಡು ಉಜ್ಜಿ, ನಾವೇ ಯೋಚನೆ ಮಾಡಿ ತೀರ್ಮಾನಿಸಿದೆವು ಎಂಬ ಸಮಾಧಾನದಲ್ಲಿ ಮನೆಗೆ ಫೋನ್ ಮಾಡುತ್ತೇವೆ.

ಆಮೇಲೆ ಬರುತ್ತದೆ ವ್ಯೂ ಎಂಬ ಮಾಯೆ. ಗಾರ್ಡನ್ ವ್ಯೂ, ಪೂಲ್ ವ್ಯೂ, ಎಸ್ಟೇಟ್ ವ್ಯೂ, ವ್ಯಾಲಿ ವ್ಯೂ, ಮತ್ತು ಬಾಲ್ಕನಿಯ ಕಂಬಿ ಹಿಡಿದು ಎಡಕ್ಕೆ ವಾಲಿದರೆ ಕಾಣುವ ಪಾರ್ಶಿಯಲ್ ಲೇಕ್ ವ್ಯೂ. ಆಷಾಢದಲ್ಲಿ ಮಡಿಕೇರಿಯ ವ್ಯಾಲಿ ವ್ಯೂ ರೂಮಿನ ಪರದೆ ಸರಿಸಿ ನೋಡಿ. ಎದುರಿಗೆ ದಟ್ಟ ಬಿಳಿ ಮಂಜು. ಗಾರ್ಡನ್ ಕಡೆಯವನಿಗೂ ಅದೇ ಮಂಜು, ಜನರೇಟರ್ ಶೆಡ್ಡಿನ ಕಡೆಯವನಿಗೂ ಅದೇ. ಸಂವಿಧಾನ ಜಾರಿಗೆ ಬಂದ ಮೇಲೆ ಸಮಾನತೆಯನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ್ದು ಕೊಡಗಿನ ಮಂಜೊಂದೇ ಇರಬೇಕು. ಅದು ಬಿಲ್ಲಿನ ಮೇಲೆ ಮಾತ್ರ ಕವಿಯುವುದಿಲ್ಲ.

ಕಬಿನಿಯಲ್ಲಿ ಮೋಸ ಹೋಗುವುದಕ್ಕೆ ಬೇರೆ ಋತು. 1970ರ ದಶಕದಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಹರಡಿಕೊಂಡ ಹಿನ್ನೀರು ಬೇಸಿಗೆಯಲ್ಲಿ ಹಿಂದೆ ಹಿಂದೆ ಸರಿಯುತ್ತದೆ. ಬಯಲಾದ ತಳದಲ್ಲಿ ಹಸಿಹುಲ್ಲು ಚಿಗುರುತ್ತದೆ. ಅದನ್ನು ಮೇಯಲು ನಾಗರಹೊಳೆ, ಬಂಡೀಪುರದ ಕಾಡುಗಳಿಂದ ಆನೆಗಳು ಹಿಂಡುಗಟ್ಟಿ ಬರುತ್ತವೆ. ಪ್ರಾಣಿ ನೋಡುವವರಿಗೆ ಇದು ಸುಗ್ಗಿ. ಲೇಕ್ ವ್ಯೂಗೆಂದು ಹೆಚ್ಚು ಕಾಸು ತೆತ್ತವರಿಗೆ ಮಾತ್ರ ಲೇಕ್ ಎಲ್ಲಿ ಹೋಯಿತೆಂದು ದುರ್ಬೀನಿನಲ್ಲಿ ಹುಡುಕುವ ಕಾಲ. ಯಾವ ಕೆಟಗರಿಯನ್ನೂ ಬುಕ್ ಮಾಡದ ಆನೆಗಳು ಅಷ್ಟು ದೂರದಲ್ಲಿ ನೀರಿನ ಅಂಚಿಗೇ ನಿಂತು ಸೊಂಡಿಲಾಡಿಸುತ್ತಿರುತ್ತವೆ.

ಇನ್ನು ಸರ್ಕಾರ ನಮ್ಮ ಜೊತೆ ರಜೆಗೆ ಬರದೆ ಇರುತ್ತದೆಯೇ? 2025ರ ಸೆಪ್ಟೆಂಬರ್ 22ರಿಂದ, ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5. ಅದರ ಮೇಲೆ ಒಂದು ರೂಪಾಯಿ ಹೆಚ್ಚಾದರೂ ಪೂರ್ತಿ ಬಾಡಿಗೆಗೆ ಶೇ 18. ಲೆಕ್ಕ ಹಾಕಿ. 7,500ರ ರೂಮಿಗೆ ತೆರಿಗೆ 375 ಸೇರಿ 7,875. ಅದರ ಪಕ್ಕದ 7,600ರ ರೂಮಿಗೆ ತೆರಿಗೆ 1,368 ಸೇರಿ 8,968. ಬಾಡಿಗೆ ಏರಿದ್ದು ನೂರು ರೂಪಾಯಿ, ಜೇಬಿನಿಂದ ಹೋದದ್ದು 1,093. ನೂರು ರೂಪಾಯಿಯ ವ್ಯೂ ನೋಡಿದವರು ನೀವು, ಮಿಕ್ಕ 993 ರೂಪಾಯಿಯ ವ್ಯೂ ನೋಡಿದ್ದು ಖಜಾನೆ. ಇದರ ತಮ್ಮನೊಬ್ಬನಿದ್ದಾನೆ. ಹಿಂದಿನ ಹಣಕಾಸು ವರ್ಷದಲ್ಲಿ ರೆಸಾರ್ಟಿನ ಯಾವುದೇ ರೂಮು 7,500 ದಾಟಿದ ರೇಟಿಗೆ ಹೋಗಿದ್ದರೆ, ಅಲ್ಲಿನ ರೆಸ್ಟೋರೆಂಟಿಗೂ ಶೇ 18ರ ಪಟ್ಟ ಕಟ್ಟಲಾಗುತ್ತದೆ. ಅಂದರೆ ಹೋದ ವರ್ಷ ಯಾರೋ ಪುಣ್ಯಾತ್ಮ ವಿಲ್ಲಾದಲ್ಲಿ ಕಾಲು ಚಾಚಿ ಮಲಗಿದ್ದಕ್ಕೆ ಈ ವರ್ಷ ಡೀಲಕ್ಸಿನ ನೀವು ತರಿಸಿಕೊಂಡ ಮಸಾಲೆ ದೋಸೆ ದಂಡ ಕಟ್ಟುತ್ತದೆ.

ಇಷ್ಟಾದರೂ ರೂಮು ಆರಿಸುವುದು ಹಣದ ಪ್ರಶ್ನೆ ಎಂದುಕೊಂಡವರು ಷಡ್ಡಕ ಇಲ್ಲದ ಅದೃಷ್ಟವಂತರು. “ಅಕ್ಕ ಭಾವ ವಿಲ್ಲಾ ತಗೊಂಡಿದ್ದಾರಂತೆ ರೀ” ಎಂಬ ಒಂದು ಸಾಲು, ಅದೂ ಈರುಳ್ಳಿ ಹೆಚ್ಚುತ್ತಾ, ಯಾವ ಭಾವವೂ ಇಲ್ಲದ ದನಿಯಲ್ಲಿ ಬಂದರೆ, ಅದಕ್ಕೆ ಯಾವ ಗಂಡಸೂ ಬಜೆಟ್ ತೋರಿಸಿ ಉತ್ತರ ಕೊಟ್ಟ ದಾಖಲೆಯಿಲ್ಲ. “ಅವರಿಗೆ ಪೂಲು ಬೇಕಂತೆ, ನಮಗ್ಯಾಕೆ ಬಿಡಿ” ಎಂಬುದು ಅದರ ಎರಡನೇ ಸಾಲು. ಸೂಪರ್ ಡೀಲಕ್ಸಿನಲ್ಲಿ ನಿಂತಿದ್ದ ಬೆರಳು ಅಷ್ಟೊತ್ತಿಗೆ ತಾನಾಗಿ ಫ್ಯಾಮಿಲಿ ಸೂಟಿನ ಕಡೆ ಜಾರಿರುತ್ತದೆ.

ಆ ಬೆರಳನ್ನು ಒತ್ತಿಸಲು ಮೊಬೈಲೇ ಸಹಾಯಕ್ಕೆ ನಿಂತಿರುತ್ತದೆ: ಎರಡೇ ರೂಮ್ ಉಳಿದಿವೆ! ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ 13 ಬಗೆಯ ಆನ್‌ಲೈನ್ ಕಣ್ಕಟ್ಟುಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಅದರಲ್ಲಿ ಸುಳ್ಳು ಅವಸರವೂ ಒಂದು. ನಿಯಮಾವಳಿಯಲ್ಲಿ ಅದಕ್ಕೆ ಕೊಟ್ಟ ಉದಾಹರಣೆ, ಎರಡೇ ರೂಮ್ ಉಳಿದಿದ್ದು 30 ಜನ ಈಗ ಅದನ್ನೇ ನೋಡುತ್ತಿದ್ದಾರೆ ಎನ್ನುವಂಥ ಸಂದೇಶ. ಆ 30 ಜನರ ಬಗ್ಗೆ ನನ್ನದೊಂದು ಅನುಮಾನವಿದೆ. ಅವರಲ್ಲಿ ಅರ್ಧಕ್ಕರ್ಧ ನಮ್ಮ ಫ್ಯಾಮಿಲಿ ವಾಟ್ಸಾಪ್ ಗುಂಪಿನವರೇ. ಒಬ್ಬ ಲಿಂಕ್ ಹಾಕುತ್ತಾನೆ, ಹದಿನೈದು ಜನ ಒತ್ತಿ ನೋಡುತ್ತಾರೆ, ರೇಟು ಏರುತ್ತದೆ, ಲಿಂಕ್ ಹಾಕಿದವನಿಗೇ ರೂಮ್ ಸಿಗುವುದಿಲ್ಲ.

ಬುಕ್ಕಿಂಗಿನ ಕೊನೆಯಲ್ಲಿ ಕುಟುಂಬದ ಲೆಕ್ಕ ಕೊಡಬೇಕು. ರೆಸಾರ್ಟಿನ ಕುಟುಂಬ ಅಂದರೆ ಎರಡು ದೊಡ್ಡವರು, ಎರಡು ಮಕ್ಕಳು. ನಮ್ಮ ಕುಟುಂಬದಲ್ಲಿ ಅಜ್ಜಿ ಇದ್ದಾರೆ, ಮದುವೆಯಾಗದ ಚಿಕ್ಕಪ್ಪ ಇದ್ದಾರೆ, ಗಂಡ ದುಬೈಯಲ್ಲಿರುವ ನಾದಿನಿ ಇದ್ದಾಳೆ. ಇವರು ಯಾರೂ ಯಾವ ಕೆಟಗರಿಗೂ ಹೊಂದುವುದಿಲ್ಲವಾದ್ದರಿಂದ ಎಲ್ಲರಿಗೂ ಸೇರಿ ಎಕ್ಸ್‌ಟ್ರಾ ಬೆಡ್ ಎಂಬ ಒಂದೇ ಹೆಸರು. ಹಣ ಕಟ್ಟುವಾಗ ಅದು ಬೆಡ್ಡು. ರಾತ್ರಿ ಒಂಬತ್ತೂವರೆಗೆ ಹುಡುಗನೊಬ್ಬ ಹೆಗಲ ಮೇಲೆ ಹೊತ್ತು ತಂದು ಕಾರ್ಪೆಟ್ಟಿನ ಮೇಲೆ ದೊಪ್ಪನೆ ಹಾಕಿದಾಗ ಅದು ಹಾಸಿಗೆ ಮಾತ್ರ. “ನಂಗೇನಪ್ಪ, ಒಂದು ಚಾಪೆ ಆದ್ರೂ ಸಾಕು” ಎಂದು ಮೊದಲೇ ಹೇಳಿದ್ದ ಅಜ್ಜಿಯನ್ನು ರೆಸಾರ್ಟು ಅಕ್ಷರಶಃ ನಂಬಿದೆ. ಐದು ವರ್ಷ ದಾಟದ ಮಕ್ಕಳಿಗೆ ಉಚಿತ ಎಂಬ ಸಾಲು ಓದಿದ ಮೇಲೆ ತಂದೆ ತಾಯಿಗೆ ವಯಸ್ಸಿನ ಜ್ಞಾನ ಹೋಗುತ್ತದೆ. ರಿಸೆಪ್ಷನ್ನಿನಲ್ಲಿ “ಇವನಿನ್ನೂ ಯುಕೆಜಿ” ಎಂದು ಅಪ್ಪ ಹೇಳುತ್ತಿರುವಾಗಲೇ, ಆ ಯುಕೆಜಿ ಕೌಂಟರಿನ ಮೇಲೆ ಮೊಣಕೈ ಊರಿ ವೈಫೈ ಪಾಸ್‌ವರ್ಡ್ ಕೇಳುತ್ತದೆ.

ಹೀಗೆ ಪಡೆದ ರೂಮಿನಲ್ಲಿ ನಾವು ಇರುವುದಾದರೂ ಎಷ್ಟು ಹೊತ್ತು? ಮಧ್ಯಾಹ್ನ ಎರಡಕ್ಕೆ ಒಳಗೆ, ಮರುದಿನ ಹನ್ನೊಂದಕ್ಕೆ ಹೊರಗೆ. ರೆಸಾರ್ಟಿನ ದಿನಕ್ಕೆ 21 ಗಂಟೆ. ಅದರಲ್ಲಿ ಪೂಲು, ಎಸ್ಟೇಟ್ ವಾಕು, ಕ್ಯಾಂಪ್‌ಫೈರು, ಬಫೆಯ ಸಾಲು, ನಸುಕಿನ ಸಫಾರಿ ಕಳೆದರೆ ಉಳಿದದ್ದು ನಿದ್ದೆ. ಎಲ್ಲಕ್ಕಿಂತ ಹೆಚ್ಚು ಹಣ ಕೊಟ್ಟ ಪ್ರೈವೇಟ್ ಸಿಟ್‌ಔಟಿನಲ್ಲಿ ಕುಳಿತು ಕಾಫಿ ಕುಡಿಯೋಣವೆಂದರೆ ಅಲ್ಲಿನ ಎರಡು ಬೆತ್ತದ ಕುರ್ಚಿಗಳ ಮೇಲೆ ಪೂಲಿಗೆ ಇಳಿದ ಮಕ್ಕಳ ಒದ್ದೆ ಚಡ್ಡಿ, ಕಂಬಿಯ ಉದ್ದಕ್ಕೂ ಟವೆಲ್ಲು, ಅದರಾಚೆ ಅಜ್ಜಿಯ ಆರು ಗಜದ ಸೀರೆ. ವ್ಯಾಲಿ ವ್ಯೂ ಇರುವುದು ಸೀರೆಯ ಆಚೆಗೆ.

ನಮಗೆ ನಿಜವಾಗಿ ಬೇಕಿದ್ದ ಯಾವ ಮಾಹಿತಿಯೂ ಆ ಪಟ್ಟಿಯಲ್ಲಿ ಇರಲಿಲ್ಲ. ಕಾಟೇಜಿಗೆ ಎಷ್ಟು ಮೆಟ್ಟಿಲು ಹತ್ತಬೇಕು? ಊಟದ ಹಾಲ್ ಎಷ್ಟು ದೂರ, ಮಳೆಯಲ್ಲಿ ಅಲ್ಲಿಗೆ ಹೋಗುವ ದಾರಿಗೆ ಮಾಡು ಇದೆಯೇ? ಬಿಸಿನೀರು ಎಷ್ಟು ಹೊತ್ತಿನವರೆಗೆ ಬರುತ್ತದೆ? ಮಂಚ ಎಷ್ಟು ಎತ್ತರ? ಬಚ್ಚಲಿನ ನೆಲ ಜಾರುತ್ತದೆಯೇ? ಹೆಡ್‌ಬೋರ್ಡಿನ ಕೆತ್ತನೆಯನ್ನು ಆರು ಕೋನದಿಂದ ಫೋಟೊ ತೆಗೆದು ಹಾಕಿದವರು, ಟವೆಲ್ಲನ್ನು ಹಂಸ ಮಾಡಿ ಕೂರಿಸಿದವರು, ಮೆಟ್ಟಿಲಿನ ಒಂದು ಫೋಟೊ ಹಾಕಲಿಲ್ಲ.

ರೆಸಾರ್ಟು ಬಿಟ್ಟು ಧರ್ಮಸ್ಥಳದ ಕಡೆ ನೋಡಿ. ಅಲ್ಲಿ ವೈಶಾಲಿ, ಗಂಗೋತ್ರಿ, ರಜತಾದ್ರಿ, ಶರಾವತಿ ಎಂಬ ವಸತಿಗೃಹಗಳಿವೆ. ರಜತಾದ್ರಿಯಲ್ಲಿ ಇಳಿದವರು ಗಂಗೋತ್ರಿಯವರನ್ನು ಕನಿಕರದಿಂದ ನೋಡಿದ್ದನ್ನು ಯಾರಾದರೂ ಕಂಡಿದ್ದೀರಾ? ಅಲ್ಲಿ ರೂಮು ಸಿಕ್ಕಿತೇ ಎನ್ನುವುದೇ ಸುದ್ದಿ, ಯಾವ ರೂಮು ಎನ್ನುವುದಲ್ಲ. ಅಲ್ಲಿಗೆ ಹೋಗಿ ಬಂದವರು ಫೇಸ್‌ಬುಕ್ಕಿಗೆ ದೇವಸ್ಥಾನದ ಫೋಟೊ ಹಾಕುತ್ತಾರೆ, ಬಾತ್‌ಟಬ್ಬಿನದ್ದಲ್ಲ.

ಆದ್ದರಿಂದ ರೆಸಾರ್ಟಿನವರಿಗೆ ನನ್ನದೊಂದು ಬಿನ್ನಹ. ಈ ಡೀಲಕ್ಸು, ಪ್ರೀಮಿಯಂಗಳನ್ನೆಲ್ಲ ಕಿತ್ತುಹಾಕಿ ರೂಮುಗಳನ್ನು ಹೀಗೆ ವಿಂಗಡಿಸಿ: ಮಂಡಿನೋವಿನವರಿಗೆ ಮೆಟ್ಟಿಲಿಲ್ಲದ ರೂಮು, ಗೊರಕೆಯವರಿಗೆ ಎರಡು ಬಾಗಿಲಿನಾಚೆಯ ರೂಮು, ಮಕ್ಕಳೊಂದಿಗರಿಗೆ ಬಟ್ಟೆ ಒಣಹಾಕುವ ಹಗ್ಗವಿರುವ ರೂಮು. ಅವರು ಒಪ್ಪುತ್ತಾರೆ ಎಂಬುದರಲ್ಲಿ ನನಗೆ ಕಿಂಚಿತ್ತೂ ಸಂಶಯವಿಲ್ಲ. ಮುಂದಿನ ಸೀಸನ್ನಿಗೆ ಪಟ್ಟಿಯ ತುದಿಯಲ್ಲಿ ಹೊಸ ಕೆಟಗರಿ ಮಿನುಗುತ್ತಿರುತ್ತದೆ: ಸ್ಟೆಪ್-ಫ್ರೀ ಸಿಗ್ನೇಚರ್ ಸೂಟ್. ಬಾಡಿಗೆ 7,600, ಟ್ಯಾಕ್ಸ್ ಬೇರೆ. ಎರಡೇ ಉಳಿದಿವೆ ಎಂದು ನಾವು ಓಡಿ ಹೋಗುವಷ್ಟರಲ್ಲಿ ಷಡ್ಡಕನ ಮನೆಯವರು ಎರಡನ್ನೂ ಬುಕ್ ಮಾಡಿರುತ್ತಾರೆ. ಅವರ ಮನೆಯಲ್ಲಿ ಯಾರಿಗೂ ಮಂಡಿನೋವಿಲ್ಲ.