ಮೊಣಕಾಲುದ್ದ ನೀರಿಗೆ ಮಾಲ್ಡೀವ್ಸ್ ಯಾಕೆ?

ಬೆಂಗಳೂರಿನವರಿಗೆ ಸಮುದ್ರವೊಂದಿಲ್ಲ, ಅಷ್ಟೆ. ಸಮುದ್ರದ ವಿಷಯದಲ್ಲಿ ಅವರಿಗೆ ಗೊತ್ತಿಲ್ಲದ್ದು ಬೇರೇನೂ ಇಲ್ಲ. ದಸರಾ ಬೊಂಬೆ ಪೆಟ್ಟಿಗೆ ಸೇರುವ ಹೊತ್ತಿಗೆ ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಬ್ಬರು ಕಿಡಿ ಹಚ್ಚುತ್ತಾರೆ: "ಈ ಸಲ ಬೀಚು ಎಲ್ಲಿ?" ತಗೊಳ್ಳಿ, ಸಂಜೆಯೊಳಗೆ ಫೋಟೋಗಳ ಸುರಿಮಳೆ. ಭಾವನದು ಬಾಲಿ, ನಾದಿನಿಯದು ಫುಕೆಟ್, ಹೊಸದಾಗಿ ಮದುವೆಯಾದವರದು ಮಾಲ್ಡೀವ್ಸ್. ಯಾವುದನ್ನೇ ನೋಡಿ, ಬಾಗಿದ ತೆಂಗಿನಮರ, ಅದಕ್ಕೊಂದು ಉಯ್ಯಾಲೆ, ಉಯ್ಯಾಲೆಯಲ್ಲಿ ಟೋಪಿ ಹಾಕಿಕೊಂಡು ನಮಗೆ ಬೆನ್ನು ತೋರಿಸಿ ಕೂತ ಹೆಂಗಸು. ಹೆಸರು ಮುಚ್ಚಿಟ್ಟು ತೋರಿಸಿದರೆ ಅದು ಬಾಲಿಯೋ ಮಲ್ಪೆಯೋ ಹೇಳಲು ಅವರಿಂದಲೇ ಆಗುವುದಿಲ್ಲ. ಆದರೂ ಜಗಳ ಮಾತ್ರ ಜಾಗಕ್ಕೇ!

ಇಷ್ಟೆಲ್ಲ ಮಾಡಿ ಹೋದವರು ಸಮುದ್ರಕ್ಕೆ ಇಳಿಯುವುದು ಎಷ್ಟು? ನಾನು ಗಮನಿಸಿ ನೋಡಿದ್ದೇನೆ. ಮೊದಲು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚುವ ಕಾರ್ಯಕ್ರಮ. ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಫೋನು. ಅಲೆ ಹಿಂದೆ ಸರಿದಾಗ ನಾಲ್ಕು ಹೆಜ್ಜೆ ಮುಂದೆ, ಅದು ತಿರುಗಿ ಬಂದಾಗ "ಅಯ್ಯಯ್ಯೋ" ಎಂದು ಆರು ಹೆಜ್ಜೆ ಹಿಂದೆ. ಹಿರಿಯರಾದರೆ ಬಗ್ಗಿ ಒಂದು ಬೊಗಸೆ ನೀರು ತಲೆಗೆ ಚಿಮುಕಿಸಿ, ಪೂರ್ವಜರನ್ನು ನೆನೆದು, ಯಾತ್ರೆ ಮುಗಿಯಿತೆಂದು ತಿರುಗಿಬಿಡುತ್ತಾರೆ. ಅಷ್ಟರಲ್ಲಿ ಪ್ಯಾಂಟಿನ ಮಡಿಕೆಯೊಳಗೆ ಅರ್ಧ ಸೇರು ಮರಳು. ಆಮೇಲೆ ಉಪ್ಪು ಖಾರ ಸವರಿದ ಮುಸುಕಿನ ಜೋಳ, ಚುರುಮುರಿ, "ಕಾಫಿ ಎಲ್ಲಿ ಸಿಗುತ್ತೆ?" ಎಂಬ ವಿಚಾರಣೆ. ಮೊಣಕಾಲುದ್ದದ ಈ ಸ್ನಾನಕ್ಕೆ ಪಾಸ್‌ಪೋರ್ಟು, ಡಾಲರು, ಗೂಗಲ್ ಅನುವಾದ!

"ನಮ್ಮ ಸಮುದ್ರದ ನೀರು ನೀಲಿ ಇಲ್ವಲ್ಲ" ಅನ್ನುವುದು ನಾದಿನಿಯ ವಾದ. ಇಲ್ಲ, ನಿಜ. ಯಾಕಿಲ್ಲ ಅಂತ ಕೇಳಿದರೆ ಫಿಲ್ಟರ್ ಸರಿಯಿಲ್ಲ ಅನ್ನುತ್ತಾಳೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಸೌಪರ್ಣಿಕಾ, ನೇತ್ರಾವತಿ ಎಲ್ಲ ಘಟ್ಟದ ಮಣ್ಣು ಹೊತ್ತು ತಂದು ನಮ್ಮ ಕಡಲಿಗೆ ಸುರಿಯುತ್ತವೆ. ನೀರು ಕಲಕಿಕೊಂಡಿರದೆ ಇನ್ನೇನಾದೀತು? ಮೀನು ಸೊಂಪಾಗಿ ಬೆಳೆದು ನಾದಿನಿಯ ತಟ್ಟೆಗೆ ಬಂಗುಡೆ ಬರುವುದರಲ್ಲಿ ಆ ಕೆಸರಿನ ಋಣವೂ ಇದೆ. ಮಾಲ್ಡೀವ್ಸಿನಲ್ಲಿ ನದಿಯೇ ಇಲ್ಲ. ಸುಮಾರು 1,200 ಹವಳದ ದಿಬ್ಬಗಳು, ಅವುಗಳಲ್ಲಿ ಅತಿ ಎತ್ತರದ ಸಹಜ ನೆಲವೂ ಎರಡೂವರೆ ಮೀಟರ್ ಮುಟ್ಟುವುದಿಲ್ಲ, ನಮ್ಮ ಮನೆಯ ಅಟ್ಟ ಅದಕ್ಕಿಂತ ಮೇಲಿದೆ. ಆಳವಿಲ್ಲದ ತಿಳಿನೀರು, ಕೆಳಗೆ ಬಿಳಿ ಮರಳು, ಮೇಲೆ ಬಿಸಿಲು. ನೀಲಿ ಬಣ್ಣ ಬರುವುದು ಹಾಗೆ.

ಆ ಬಿಳಿ ಮರಳಿನ ಕಥೆ ಗೊತ್ತೇ? ಗಿಳಿಮೀನು ಅಂತ ಒಂದಿದೆ. ಗಿಳಿಯ ಕೊಕ್ಕಿನಂಥ ಹಲ್ಲಿನಿಂದ ಹವಳದ ದಿಬ್ಬವನ್ನು ಕರಕರ ಕೆರೆದು, ಪಾಚಿಯನ್ನು ಅರಗಿಸಿಕೊಂಡು, ಅರಗದ ಸುಣ್ಣವನ್ನು ನುಣ್ಣಗೆ ಪುಡಿ ಮಾಡಿ ಹಿಂದಿನಿಂದ ಬಿಟ್ಟುಬಿಡುತ್ತದೆ. ಮಾಲ್ಡೀವ್ಸಿನ ದ್ವೀಪಗಳ ಮರಳಿನಲ್ಲಿ ದೊಡ್ಡ ಪಾಲು ಇದೇ. ಮಧುಚಂದ್ರದವರು ಅಂಗಾತ ಮಲಗಿ ಕೈ ಕೈ ಹಿಡಿದು ಫೋಟೋ ತೆಗೆಸಿಕೊಳ್ಳುವುದು ಯಾವುದರ ಮೇಲೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹೇಳಿದೆ, ಗುಂಪಿನಲ್ಲಿ ಹೇಳಿಯೇಬಿಟ್ಟೆ. ಹೊಸ ಜೋಡಿ ಒಂದು ವಾರ ನನ್ನ 'ಶುಭೋದಯ'ಕ್ಕೆ ಉತ್ತರ ಕೊಡಲಿಲ್ಲ.

ಮಾಲ್ಡೀವ್ಸ್ ಬೇಡ ಅಂತಲ್ಲ. ವೀಸಾ ಅಲ್ಲಿ ಇಳಿದ ಮೇಲೆ ಪುಕ್ಕಟೆ ಸಿಗುತ್ತದೆ. ಬೆಳಗಿನ ತಿಂಡಿ ಮಸ್ ಹುನಿ, ಅಂದರೆ ಸೂರೆಮೀನು, ತೆಂಗಿನತುರಿ, ಈರುಳ್ಳಿ, ಮೆಣಸಿನಕಾಯಿ ಕಿವುಚಿ ರೊಟ್ಟಿಯ ಜೊತೆ ಕೊಡುತ್ತಾರೆ. ನಮ್ಮ ಕರಾವಳಿಯವರು ಕಣ್ಣು ಮುಚ್ಚಿ ಇನ್ನೊಂದು ಸಲ ಹಾಕಿಸಿಕೊಳ್ಳುತ್ತಾರೆ. ಆದರೆ ಒಂದು ದ್ವೀಪಕ್ಕೆ ಒಂದೇ ರೆಸಾರ್ಟು, ದೂರದ್ದಾದರೆ ಸೀಪ್ಲೇನು. ಈ ಸೀಪ್ಲೇನು ಕತ್ತಲಾದ ಮೇಲೆ ಹಾರುವುದಿಲ್ಲ. ಅಗ್ಗದ ಟಿಕೆಟ್ ಸಿಕ್ಕಿತೆಂದು ಸಂಜೆಯ ವಿಮಾನ ಹಿಡಿದವರು ರಾತ್ರಿ ಮಾಲೆಯಲ್ಲೇ ಕೋಣೆ ಹಿಡಿದು, ದ್ವೀಪದ ಕೋಣೆಗೂ ದುಡ್ಡು ಕೊಟ್ಟು, ಉಳಿಸಿದ್ದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತಾರೆ. ಇನ್ನು ಅತ್ತೆಯವರು ಎಲ್ಲಿಗೆ ಹೋದರೂ ಕರ್ಚೀಫಿನಲ್ಲಿ ಸುತ್ತಿ ಕೊಂಡೊಯ್ಯುವ ಅಂಗೈಯಗಲದ ಗಣಪತಿ. ಅಲ್ಲಿನ ಕಸ್ಟಮ್ಸ್ ನಿಯಮದಲ್ಲಿ ಪೂಜೆಯ ವಿಗ್ರಹ ತರುವಂತಿಲ್ಲ, ಮದ್ಯವೂ ತರುವಂತಿಲ್ಲ. "ಹಾಗಾದ್ರೆ ನಾನೂ ನಿಮ್ಮ ಮಾವನೂ ಇಬ್ಬರೂ ಬರಲ್ಲ" ಎಂದು ಅತ್ತೆ ಅಲ್ಲಿಗೇ ಮುಗಿಸಿದರು. ಮಾವ ಯಾಕೆ ಬರುವುದಿಲ್ಲ ಎಂದು ಯಾರೂ ಕೇಳಲಿಲ್ಲ.

2024ರ ಜನವರಿಯಲ್ಲಿ ಪ್ರಧಾನಿಯವರು ಲಕ್ಷದ್ವೀಪಕ್ಕೆ ಹೋಗಿಬಂದರಲ್ಲ, ಆವಾಗಿನಿಂದ ಭಾವನ ದೇಶಭಕ್ತಿ ಅತ್ತ ಹರಿದಿದೆ. ಅಲ್ಲಿಗೂ ಭಾರತೀಯರಾದ ನಮಗೇ ಮೊದಲು ಪ್ರವೇಶಾನುಮತಿ ಬೇಕು, ಬಂಗಾರಮ್ ದ್ವೀಪ ಬಿಟ್ಟರೆ ಬೇರೆ ಕಡೆ ಪಾನನಿಷೇಧ. ಇದನ್ನು ಹೇಳಿದ ಕೂಡಲೇ ಆ ದೇಶಭಕ್ತಿಯಲ್ಲಿ ಸ್ವಲ್ಪ ಇಳಿತ ಕಂಡಿತು. ಒಂದು ಸೋಜಿಗ ನೋಡಿ: ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಈ ದ್ವೀಪಗಳು 1956ರವರೆಗೂ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಯ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು, ಇಲ್ಲಿಯ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ನವೆಂಬರ್ 1ರಂದು ನಾವು ಇತ್ತ ಕನ್ನಡ ನಾಡು ಒಂದಾಯಿತೆಂದು ಸಿಹಿ ಹಂಚುತ್ತಿದ್ದ ದಿನವೇ ಅವು ಅತ್ತ ಕೇಂದ್ರಾಡಳಿತಕ್ಕೆ ಹೊರಟುಹೋದವು. ಈಗ ಅಲ್ಲಿಗೆ ಹೋಗಲು ಕೊಚ್ಚಿಯಿಂದ ಹಡಗು ಹಿಡಿಯಬೇಕು, ಇಲ್ಲವೇ ಅಗತ್ತಿಯ ವಿಮಾನ ಹತ್ತಬೇಕು.

ಇರಲಿ, ಈ ಜಗಳದಲ್ಲಿ ಯಾರೂ ಎತ್ತದ ಒಂದು ಮಾತಿದೆ. "ಎಲ್ಲಿಗೆ" ಎಂದು ಬಾಯಿ ನೋಯುವಷ್ಟು ಕೇಳುತ್ತಾರೆ, "ಯಾವ ತಿಂಗಳು" ಎಂದು ಒಬ್ಬರಾದರೂ ಕೇಳಬೇಕೇ! ಉಷ್ಣವಲಯದ ಕಡಲಿಗೆ ಬೇಸಿಗೆ ಚಳಿಗಾಲದ ಗೊಡವೆಯಿಲ್ಲ, ಗಾಳಿ ಯಾವ ಕಡೆಯದು ಅನ್ನುವುದೊಂದೇ ಲೆಕ್ಕ. ಒಂದೇ ದ್ವೀಪದ ಒಂದು ಮಗ್ಗುಲು ಮಳೆಯಲ್ಲಿ ತೊಯ್ಯುವಾಗ ಇನ್ನೊಂದು ಮಗ್ಗುಲು ಬಿಸಿಲು ಕಾಯುತ್ತಿರುತ್ತದೆ.

ಶ್ರೀಲಂಕಾವನ್ನೇ ನೋಡಿ. ಡಿಸೆಂಬರಿನಿಂದ ಮಾರ್ಚಿನವರೆಗೆ ಬೆಂತೋಟ, ಉನವಟುನ, ಮಿರಿಸ್ಸ ಇರುವ ನೈರುತ್ಯದ ದಡ ಚೆಂದ. ಮೇ ತಿಂಗಳಿಗೆ ಅದೇ ದಡದಲ್ಲಿ ನಮ್ಮ ಆಗುಂಬೆಯ ಅನುಭವ. ಆಗ ಪೂರ್ವಕ್ಕೆ ನಡೆಯಬೇಕು. ತ್ರಿಂಕೋಮಲಿಯ ನಿಲಾವೆಲಿಯಲ್ಲಿ ಮೇಯಿಂದ ಸೆಪ್ಟೆಂಬರಿನವರೆಗೆ ಸಮುದ್ರ ಸಂಭಾವಿತನ ಹಾಗೆ ಬಿದ್ದಿರುತ್ತದೆ. ಎದುರಿಗೇ ಪಾರಿವಾಳ ದ್ವೀಪ, ಹವಳ ನೋಡಲು ಕರೆದೊಯ್ಯುತ್ತಾರೆ. (ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿಯನ್ನೂ ಇಂಗ್ಲಿಷರು ಪಾರಿವಾಳ ದ್ವೀಪವೆಂದೇ ಕರೆಯುತ್ತಿದ್ದರು. ಪಾರಿವಾಳಕ್ಕೆ ನೋಟ ಚೆನ್ನಾಗಿರುವ ಜಾಗ ಗೊತ್ತು.)

ಥಾಯ್ಲೆಂಡಿನದೂ ಅದೇ ಪಾಠ. ಮಕ್ಕಳಿಗೆ ರಜೆ ಇರುವ ಮೇ ತಿಂಗಳಿನಲ್ಲಿ ಫುಕೆಟ್ ಕಡೆ ಮಳೆ ಶುರು, ದಡದಲ್ಲಿ ಕೆಂಪು ಬಾವುಟ. ಆಚೆ ಬದಿಯ ಸಮುಯಿ ದ್ವೀಪಕ್ಕೆ ದೊಡ್ಡ ಮಳೆ ಬರುವುದು ಅಕ್ಟೋಬರಿನ ಮೇಲೆ. ಫುಕೆಟ್ ಹತ್ತಿರದ ಮಾಯಾ ಕೊಲ್ಲಿಯಲ್ಲಿ 'ದ ಬೀಚ್' ಸಿನಿಮಾ ತೆಗೆದದ್ದೇ ತಡ, ಜನ ಮುಗಿಬಿದ್ದು ಹವಳವೆಲ್ಲ ಹಾಳಾಗಿ 2018ರಲ್ಲಿ ಬಾಗಿಲು ಹಾಕಿದರು. 2022ರಲ್ಲಿ ಮತ್ತೆ ತೆರೆದರು. ಈಗ ಅಲ್ಲಿ ಈಜು ನಿಷಿದ್ಧ, ಅಂಚಿನಲ್ಲಿ ಕಾಲು ನೆನೆಸಿಕೊಳ್ಳಬಹುದು, ಅಷ್ಟೆ. ನಮ್ಮ ಭಾವನಂಥವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ ಕಾನೂನು ಅದು.

ಬಾಲಿಗೆ ನಮ್ಮವರು ಹೋಗುವುದು ಕ್ರಿಸ್‌ಮಸ್ ರಜೆಗೆ. ಅಲ್ಲಿ ನವೆಂಬರಿನಿಂದ ಮಾರ್ಚಿನವರೆಗೆ ಮಳೆಗಾಲ. ಪಡುವಣ ಗಾಳಿ ಬೀಸಿ ಕೂತಾ ದಡಕ್ಕೆ ಪ್ಲಾಸ್ಟಿಕ್ ಕಸ ರಾಶಿ ಬಂದು ಬೀಳುವುದೂ ಆ ದಿನಗಳಲ್ಲೇ. ಏಪ್ರಿಲ್, ಮೇ ಬಂದರೆ ಒಣಹವೆ, ನಮ್ಮ ಶಾಲೆಗಳಿಗೂ ರಜೆ. ಒಂದೇ ಎಚ್ಚರ: ಮಾರ್ಚಿನಲ್ಲಿ ಸಾಮಾನ್ಯವಾಗಿ ಬರುವ ನ್ಯೇಪಿ ಹಬ್ಬ. ಅದು ಅವರ ಶಕ ವರ್ಷದ ಮೊದಲ ದಿನ. ಅವತ್ತು ದೀಪವಿಲ್ಲ, ಬೀದಿಯಲ್ಲಿ ನರಪಿಳ್ಳೆಯಿಲ್ಲ, ವಿಮಾನ ನಿಲ್ದಾಣವೇ ಒಂದಿಡೀ ದಿನ ಮುಚ್ಚಿರುತ್ತದೆ, ಪ್ರವಾಸಿಗಳೂ ಹೋಟೆಲಿನ ಆವರಣ ಬಿಟ್ಟು ಹೊರಗೆ ಕಾಲಿಡುವಂತಿಲ್ಲ. 2023ರಲ್ಲಿ ಅದು ನಮ್ಮ ಯುಗಾದಿಯ ದಿನವೇ ಬಂದಿತ್ತು, ಮಾರ್ಚ್ 22ಕ್ಕೆ. ಬೇವುಬೆಲ್ಲ ಕಟ್ಟಿಕೊಂಡು ಹೋದವರಿಗೆ ಅಲ್ಲಿ ಬೇವು ಮಾತ್ರ.

ಅಂಡಮಾನಿನ ಬಗ್ಗೆ ನನಗೆ ಪಕ್ಷಪಾತವಿದೆ, ಮುಚ್ಚಿಡುವುದಿಲ್ಲ. ನೀಲಿ ನೀರೂ ಬೇಕು, ಪಾಸ್‌ಪೋರ್ಟೂ ಬೇಡ ಅನ್ನುವವರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಹ್ಯಾವ್‌ಲಾಕ್, ಈಗಿನ ಸ್ವರಾಜ್ ದ್ವೀಪ, ಅಲ್ಲಿಯ ರಾಧಾನಗರ ಬೀಚನ್ನು ಟೈಮ್ ಪತ್ರಿಕೆ 2004ರಲ್ಲೇ ಏಷ್ಯಾದಲ್ಲಿ ಅತ್ಯುತ್ತಮ ಅಂದಿತ್ತು. ಆದರೆ ಗಡಿಯಾರ ನಮ್ಮದು, ಸೂರ್ಯ ಅವರದು. ಡಿಸೆಂಬರಿನಲ್ಲಿ ಸಂಜೆ ಐದು ದಾಟುತ್ತಲೇ ಅಲ್ಲಿ ಸೂರ್ಯ ಮುಳುಗಿರುತ್ತಾನೆ. ಊಟ ಮಾಡಿ, ಒಂದು ನಿದ್ದೆ ತೆಗೆದು, ಕಾಫಿ ಕುಡಿದು ಆರಕ್ಕೆ ಸೂರ್ಯಾಸ್ತ ನೋಡಲು ಹೊರಡುವ ಕನ್ನಡ ಕುಟುಂಬಕ್ಕೆ ಕಾಣುವುದು ನಕ್ಷತ್ರ. ಮೊಸಳೆಯ ಚಿತ್ರವಿರುವ ಎಚ್ಚರಿಕೆ ಫಲಕ ಕಂಡಲ್ಲಿ ಪ್ಯಾಂಟು ಮಡಚಬೇಡಿ. ಅದು ಅಲಂಕಾರಕ್ಕೆ ಹಾಕಿದ್ದಲ್ಲ, ಉಪ್ಪುನೀರಿನ ಮೊಸಳೆ ಅಲ್ಲಿ ನಿಜವಾಗಿಯೂ ಇದೆ.

ಇಷ್ಟು ಸುತ್ತಿ ಬಂದ ಮೇಲೆ ನಮ್ಮದೇ ಮುನ್ನೂರು ಚಿಲ್ಲರೆ ಕಿಲೋಮೀಟರ್ ದಡದ ಮಾತು ಎತ್ತಿದರೆ ಗುಂಪಿನಲ್ಲಿ ಆಕಳಿಕೆಯ ಗೊಂಬೆ ಬೀಳುತ್ತದೆ. ರವೀಂದ್ರನಾಥ ಟ್ಯಾಗೋರರಿಗೆ ಆಕಳಿಕೆ ಬರಲಿಲ್ಲ. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, ಇಪ್ಪತ್ತೆರಡರ ಹುಡುಗ ಅಲ್ಲಿಗೆ ಬಂದು, ಕಡಲು ನೋಡಿ, ಒಂದು ನಾಟಕವನ್ನೇ ಬರೆದ. ದಡಕ್ಕೆ ಅವರ ಹೆಸರೇ ಇದೆ. ನಮ್ಮ ಭಾವ ಅದೇ ದಡದಲ್ಲಿ ಕೂತು ಬರೆದದ್ದು ಹೋಟೆಲಿಗೆ ಎರಡು ನಕ್ಷತ್ರದ ವಿಮರ್ಶೆ. ಮರವಂತೆಯಲ್ಲಿ ಹೆದ್ದಾರಿ 66ರ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ. ಬಸ್ಸಿನ ಕಿಟಕಿಯಲ್ಲೇ ಎರಡೂ ಮುಗಿಯುತ್ತವೆ, ಪ್ಯಾಂಟು ಮಡಚುವ ತಾಪತ್ರಯವೇ ಇಲ್ಲ. "ಶುಚಿ ಇರಲ್ಲ ಕಣೋ" ಅನ್ನುವವರಿಗೆ ಪಡುಬಿದ್ರಿ, ಹೊನ್ನಾವರದ ಕಾಸರಕೋಡು. ಎರಡಕ್ಕೂ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು. ಅದು ಸುಮ್ಮನೆ ಕೊಡುವ ಬಾವುಟವಲ್ಲ, ನೀರಿನ ಪರೀಕ್ಷೆ, ಶೌಚಾಲಯ, ಜೀವರಕ್ಷಕರು ಎಂದು 33 ಮಾನದಂಡಗಳಿವೆ. ನನ್ನ ತೀರ್ಪು ಕೇಳಿದರೆ, ಅತ್ತೆ, ಮಾವ, ಮಕ್ಕಳು, ಗಣಪತಿ ಎಲ್ಲರೂ ಹೊರಡುವ ಮನೆಗೆ ಡಿಸೆಂಬರಿನಲ್ಲಿ ಕಾಸರಕೋಡು. ಹವಳದ ನಡುವೆ ನಿಜವಾಗಿ ಮುಳುಗಿ ಏಳುವವರು ಮನೆಯಲ್ಲಿದ್ದರೆ ಮಾತ್ರ ಅಂಡಮಾನಿಗೂ ಮಾಲ್ಡೀವ್ಸಿಗೂ ದುಡ್ಡು ಕಟ್ಟಿ.

ತಿಂಗಳಿನ ಲೆಕ್ಕ ನಮ್ಮ ದಡಕ್ಕೂ ತಪ್ಪಿದ್ದಲ್ಲ, ಇಲ್ಲಿ ಇನ್ನೂ ಬಿಗಿ. ಜೂನ್ ಹಿಡಿದ ಮೇಲೆ ಕಡಲು ಬೇರೆಯೇ. ಮೇಲೆ ಸಪ್ಪಗೆ ಕಾಣುವ ಜಾಗದಲ್ಲೇ ಒಳಗೆ ಹಿಮ್ಮುಖ ಸೆಳೆತವಿರುತ್ತದೆ. ಈಜು ಬಲ್ಲವರನ್ನೂ ಎಳೆದೊಯ್ದ ಸುದ್ದಿ ಪ್ರತಿ ಮಳೆಗಾಲವೂ ಪತ್ರಿಕೆಯಲ್ಲಿ ಬರುತ್ತದೆ, ಅದರಲ್ಲಿ ಘಟ್ಟದ ಮೇಲಿನ ಊರುಗಳ ಹೆಸರೇ ಹೆಚ್ಚು. ಸೆಳೆತಕ್ಕೆ ಸಿಕ್ಕವರು ನೇರ ದಡದತ್ತ ಕೈ ಬಡಿದು ಸುಸ್ತಾಗಬಾರದು, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಅದರಿಂದ ಹೊರಬರಬೇಕು. ಜೀವರಕ್ಷಕ ಸೀಟಿ ಊದಿದರೆ "ನಮಗೆ ಗೊತ್ತು ಹೋಗಯ್ಯ" ಅನ್ನಬಾರದು. ಹುಟ್ಟಿದಾಗಿನಿಂದ ಕಡಲಲ್ಲೇ ಬೆಳೆದ ಮೊಗವೀರರೇ ನೂಲ ಹುಣ್ಣಿಮೆಗೆ ಹಾಲೆರೆದು, ತೆಂಗಿನಕಾಯಿ ಅರ್ಪಿಸಿ, ಕಡಲು ಶಾಂತವಾಗಲಿ ಎಂದು ಬೇಡಿಕೊಳ್ಳುತ್ತಾರೆ.

ಕೊನೆಗೊಂದು ಬಿನ್ನಹ, ಕುಂದಾಪುರದ ನಮ್ಮ ನೆಂಟರ ಪರವಾಗಿ. ಜೂನ್‌ನಲ್ಲಿ ಇಲ್ಲಿಂದ ಫೋನು ಹೋದರೆ ಅವರು ಕೇಳುವುದು ಒಂದೇ ಮಾತು, "ಈಗ ಎಂತಕೆ ಬಪ್ದ್ ಮಾರಾಯ್ರೆ?" ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ದೋಣಿಗಳೆಲ್ಲ ಬಂದರಿನಲ್ಲಿ ಕಟ್ಟಿಹಾಕಿರುತ್ತವೆ. ಆ ಎರಡು ತಿಂಗಳು ಅವರ ಮನೆಯಲ್ಲೂ ಹೆಚ್ಚಾಗಿ ಒಣಮೀನೇ ಗತಿ. "ಬಂಗುಡೆ ಫ್ರೈ ಇಲ್ವಾ?" ಎಂದು ತಟ್ಟೆಯ ಮುಂದೆ ಕೂತು ಮುಖ ಊದಿಸಬೇಡಿ. ನವೆಂಬರಿನ ಮೇಲೆ ಹೋಗಿ, ಎರಡು ದಿನ ಮುಂಚೆ ಹೇಳಿ ಹೋಗಿ.